ಪ್ರತಿಕ್ರಿಯೆ: ಸೆಪಿಯಾ (ಹಳೆಯ ಫೋಟೋಗಳ ಕಂದು ಛಾಯೆ) ಹಾಕಿದರೂ ಬೆಟ್ಟದ ಚಿತ್ರ 1860ರ ದಶಕದ್ದರಂತೆ ಕಾಣುತ್ತಿಲ್ಲ
ಕಾರಣ ಬಹುಶಃ ಕೆಂಪು ಚಾನೆಲ್ (ಡಿಜಿಟಲ್ ಚಿತ್ರದಲ್ಲಿ ಕೆಂಪು ಬೆಳಕಷ್ಟೇ ದಾಖಲಾಗುವ ಪದರ). ಕಪ್ಪು-ಬಿಳುಪು ಮಾಡುವಾಗ ಅದು ನೀಲಿ ಆಕಾಶವನ್ನು ಕಪ್ಪಾಗಿಸಿ ಮೋಡಗಳನ್ನು ಎತ್ತಿ ತೋರಿಸುತ್ತದೆ. ಆ ಕಾಲದ ಕೊಲೋಡಿಯನ್ ಎಂಬ ಅಂಟು ದ್ರವ ಬಳಿದ ಗಾಜಿನ ಫಲಕಗಳು ಸ್ಪಂದಿಸುತ್ತಿದ್ದದ್ದು ಮುಖ್ಯವಾಗಿ ನೀಲಿ ಮತ್ತು ನೇರಳಾತೀತ ಬೆಳಕಿಗೆ. ಅದಕ್ಕೇ ಆಕಾಶ ಬರೀ ಬಿಳಿ; ಕೆಂಪು ಮಣ್ಣು ಮತ್ತು ಎಲೆಗಳು ಕಡುಗಪ್ಪು.

ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ) ಫೈಲ್‌ನಿಂದ ಶುರುಮಾಡಿ. ಫೋಟೋ ಎಡಿಟಿಂಗ್ ತಂತ್ರಾಂಶದ ಚಾನೆಲ್ ಮಿಕ್ಸರ್‌ನಲ್ಲಿ ಮೋನೋಕ್ರೋಮ್ (ಕಪ್ಪು-ಬಿಳುಪು) ಆರಿಸಿ, ನೀಲಿ 100, ಉಳಿದೆರಡು 0 ಇಡಿ. ನೀಲಿ ಚಾನೆಲ್‌ನಲ್ಲಿ ನಾಯ್ಸ್ (ಕಾಳುಕಾಳು ಚುಕ್ಕಿಗಳು) ಜಾಸ್ತಿ, ಹಾಗಾಗಿ ಮುಂದಿನ ಸಲ ಐಎಸ್ಒ (ಕ್ಯಾಮೆರಾದ ಬೆಳಕಿನ ಸಂವೇದನೆ) 100ರಲ್ಲೇ ತೆಗೆಯಿರಿ. ಟ್ರೈಪಾಡ್, ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು), 5ರಿಂದ 10 ಸೆಕೆಂಡ್ ಎಕ್ಸ್‌ಪೋಷರ್: ಹಳೆಯ ಚಿತ್ರಗಳಲ್ಲಿದ್ದಂತೆ ಹರಿಯುವ ನೀರು ಮಂಜಿನಂತಾಗುತ್ತದೆ. ಸೆಪಿಯಾ ಕೊನೆಗೆ, ತುಸುವೇ.

ಯುದ್ಧಭೂಮಿಯ ಭಾವ ಬೇಕೆಂದಿದ್ದೀರಿ. ಬ್ರಿಟಿಷ್ ಛಾಯಾಗ್ರಾಹಕ ರೋಜರ್ ಫೆಂಟನ್ 1855ರಲ್ಲಿ ಕ್ರೈಮಿಯಾ ಯುದ್ಧಭೂಮಿಯಲ್ಲಿ ತೆಗೆದ ಕಣಿವೆಯ ಚಿತ್ರ ನೋಡಿ: ಒಬ್ಬ ಮನುಷ್ಯನೂ ಇಲ್ಲ, ದಾರಿ ತುಂಬ ಫಿರಂಗಿ ಗುಂಡು. ಎಷ್ಟು ಧೈರ್ಯದ ಚೌಕಟ್ಟು! ನೀವೂ ದಿಗಂತವನ್ನು ಮೇಲಕ್ಕಿಟ್ಟು ಮೂರರಲ್ಲಿ ಎರಡು ಪಾಲು ನೆಲಕ್ಕೇ ಬಿಡಿ.