ಮಲೆನಾಡಿನ ಕೆಸರಿಗೆ ಯಾವ ಕಂಪನಿಯ ಆರ್ಟಿಕ್ಯುಲೇಟೆಡ್ ಡಂಪರ್ ತಗೊಳ್ಳೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹೊಸನಗರದ ಕಡೆ ಮಣ್ಣು ಕೆಲಸ ಹಿಡಿದಿದ್ದೀರಿ. ಜೂನ್ ಬಂತೆಂದರೆ ಹತ್ತು ಚಕ್ರದ ಟಿಪ್ಪರ್‌ಗಳು ಕೆಸರಲ್ಲಿ ಹೂತು ನಿಲ್ಲುತ್ತವೆ. ಅದಕ್ಕೆ ಎರಡು ಸೆಕೆಂಡ್ ಹ್ಯಾಂಡ್ ಆರ್ಟಿಕ್ಯುಲೇಟೆಡ್ ಡಂಪರ್, ಅಂದರೆ ನಡುವಲ್ಲಿ ಬಗ್ಗುವ ಮಣ್ಣು ಸಾಗಿಸುವ ಗಾಡಿ, ತಗೊಳ್ಳೋಣ ಅಂತಿದ್ದೀರಿ. ವೋಲ್ವೋ, ಕ್ಯಾಟ್ (ಕ್ಯಾಟರ್‌ಪಿಲ್ಲರ್), ಕೊಮಾಟ್ಸು, ಬೆಲ್ ಇವುಗಳಲ್ಲಿ ಕೈ ಕೊಡದ ಗಾಡಿ ಯಾವುದು ಅಂತ ಕೇಳಿದ್ದೀರಿ.

ನಾನು ಹೆವಿ ಮಷಿನ್ ಮೆಕ್ಯಾನಿಕ್. ಜಾಂಬಿಯಾದ ತಾಮ್ರದ ಗಣಿಯಲ್ಲಿ ಆರು ವರ್ಷ ಇದೇ ಗಾಡಿಗಳ ಕೆಲಸ ಮಾಡಿದೆ. ಅಲ್ಲಿಯ ಮಣ್ಣು ನಮ್ಮ ಊರಿನ ಹಾಗೇ ಕೆಂಪು, ಮಳೆ ಬಿದ್ದರೆ ಹಾಗೇ ಜಿಗಟು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆಗಾಲ. ಈಗ ಶಿವಮೊಗ್ಗದಲ್ಲಿ, ಸಾಗರ ರಸ್ತೆಯಲ್ಲಿ ಸ್ವಂತ ಗ್ಯಾರೇಜ್ ಇದೆ. ಹೆಚ್ಚಾಗಿ ಟಿಪ್ಪರ್, ಜೆಸಿಬಿ ಬರುತ್ತವೆ.

ಒಂದೇ ಹೆಸರು ಹೇಳಿ ಅಂದರೆ, ನಿಮ್ಮ ಕೆಲಸಕ್ಕೆ ನಾನು 28 ಟನ್ ಆಸುಪಾಸು ಲೋಡ್ ಹೊರುವ ವೋಲ್ವೋ, ಅಂದರೆ ಎ30 ಹುಡುಕುತ್ತೇನೆ. ಆದರೆ ಸೊಂಟ ಸವೆದ ವೋಲ್ವೋಗಿಂತ ಸೊಂಟ ಗಟ್ಟಿ ಇರುವ ಬೇರೆ ಯಾವ ಕಂಪನಿಯ ಗಾಡಿಯಾದರೂ ವಾಸಿ. ನೀವು ಹೆಸರಿಗಿಂತ ಮೊದಲು ನೋಡಬೇಕಾದ್ದು ಅದನ್ನೇ.

ಸೊಂಟ ಅಂದರೆ ಕ್ಯಾಬಿನ್ ಇರುವ ಮುಂದಿನ ಭಾಗಕ್ಕೂ ಮಣ್ಣು ಹೊರುವ ಹಿಂದಿನ ಭಾಗಕ್ಕೂ ನಡುವೆ ಇರುವ ಜಾಯಿಂಟ್. ಟಿಪ್ಪರ್‌ನಲ್ಲಿ ಮುಂದಿನ ಚಕ್ರ ತಿರುಗುತ್ತೆ. ಈ ಗಾಡಿಯಲ್ಲಿ ಚಕ್ರ ತಿರುಗಲ್ಲ, ಎರಡು ಹೈಡ್ರಾಲಿಕ್ ಸಿಲಿಂಡರ್ ಗಾಡಿಯನ್ನೇ ನಡುವಲ್ಲಿ ಬಗ್ಗಿಸುತ್ತವೆ. ಆ ಕಡೆ ಈ ಕಡೆ ಸುಮಾರು 45 ಡಿಗ್ರಿ ಬಗ್ಗುತ್ತೆ. ಅಷ್ಟೇ ಅಲ್ಲ, ಹಿಂದಿನ ಭಾಗ ಮುಂದಿನದಕ್ಕಿಂತ ಬೇರೆಯಾಗಿ ಹೊರಳಲೂ ಬೇಕು. ಒಂದು ಚಕ್ರ ಗುಂಡಿಗೆ ಇಳಿದರೂ ಉಳಿದ ಐದು ನೆಲ ಬಿಡದೆ ಇರುವುದು ಇದರಿಂದಲೇ. ಆರೂ ಚಕ್ರಕ್ಕೆ ಡ್ರೈವ್ ಇದೆ. ಕೆಸರಲ್ಲಿ ಈ ಗಾಡಿ ಹೋಗುವ ಗುಟ್ಟು ಇಷ್ಟೇ. ಹಾಳಾಗುವುದೂ ಇಲ್ಲೇ, ಜೇಬಿಗೆ ದೊಡ್ಡ ಹೊಡೆತ ಬೀಳುವುದೂ ಇಲ್ಲೇ.

ಗಣಿಯಲ್ಲಿ ನಮ್ಮ ಹತ್ತಿರ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಗಾಡಿ ಇದ್ದವು. ಒಂದನ್ನು ಓಡಿಸುತ್ತಿದ್ದವನು ದಿನಾ ಬೆಳಿಗ್ಗೆ ಶಿಫ್ಟ್‌ಗೆ ಮೊದಲು ಗ್ರೀಸ್ ಗನ್ ಹಿಡಿದು ಬರುತ್ತಿದ್ದ. ಸೊಂಟಕ್ಕೆ ಗ್ರೀಸ್ ಒತ್ತುವ ನಿಪ್ಪಲ್ ಮೇಲಿನ ಮಣ್ಣು ಒರೆಸಿ, ಹಳೆ ಗ್ರೀಸ್ ಅಂಚಿನಲ್ಲಿ ಹೊರಗೆ ಬರುವವರೆಗೆ ಒತ್ತುತ್ತಿದ್ದ. ಇನ್ನೊಂದು ಗಾಡಿಗೆ ದಿನಕ್ಕೊಬ್ಬ ಡ್ರೈವರ್. ಒಂದು ನಿಪ್ಪಲ್ ಮುರಿದು ಮಣ್ಣು ತುಂಬಿಕೊಂಡಿತ್ತು, ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಮಳೆಗಾಲದ ನಡುವೆ ಒಂದು ದಿನ ಅದು ಲೋಡ್ ಸಮೇತ ತಿರುವಿನಲ್ಲಿ ನಿಂತಿತು. ಬಿಚ್ಚಿದಾಗ ಕೆಳಗಿನ ಬೇರಿಂಗ್ ಪುಡಿಯಾಗಿತ್ತು, ಸೊಂಟದ ಪಿನ್ನು ತಾನು ಕೂರುವ ಹೌಸಿಂಗನ್ನೇ ತಿಂದು ಅಂಡಾಕಾರ ಮಾಡಿತ್ತು. ಲೈನ್ ಬೋರಿಂಗ್, ಅಂದರೆ ಸವೆದ ರಂಧ್ರವನ್ನು ಮತ್ತೆ ಗುಂಡಗೆ ಕೊರೆಯುವ ಕೆಲಸ, ಮಾಡುವವರನ್ನು ಬೇರೆ ಊರಿನಿಂದ ಕರೆಸಬೇಕಾಯಿತು. ಐದು ವಾರ ಗಾಡಿ ನಿಂತಿತ್ತು. ಪಕ್ಕದ ಗಾಡಿ ಅಷ್ಟೂ ದಿನ ಓಡಿತು. ಕಂಪನಿಯ ತಪ್ಪು ಇದರಲ್ಲಿ ಏನೂ ಇರಲಿಲ್ಲ, ಹಾಗಾಗಿ ಹೆಸರು ಬೇಡ.

ಈಗ ಕಂಪನಿಗಳ ವಿಷಯ.

ವೋಲ್ವೋ ಈ ಥರದ ಗಾಡಿಯನ್ನು 1966ರಿಂದಲೇ ಮಾಡುತ್ತಿದೆ. ಸ್ವೀಡನ್ನಿನ ಬ್ರೋಸ್ ಅನ್ನೋ ಊರಿನಲ್ಲಿ ಇದರ ಕಾರ್ಖಾನೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಅವರದೇ. ಅದಕ್ಕೇ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಈಚಿನ ಮಾದರಿಗಳಿಗೆ ದಿನಾ ಗ್ರೀಸ್ ಬೇಕಿಲ್ಲ, ವಾರಕ್ಕೊಮ್ಮೆಯೂ ಬೇಡ ಅಂತ ಕಂಪನಿಯೇ ಹೇಳುತ್ತೆ. ನಮ್ಮ ಕಡೆ ಡ್ರೈವರ್‌ಗಳು ಮಳೆಯಲ್ಲಿ ಗ್ರೀಸ್ ಗನ್ ಮುಟ್ಟಲ್ಲ ಅಲ್ವಾ, ಹಾಗಾಗಿ ಇದು ದೊಡ್ಡ ಅನುಕೂಲ. ನಾನು ವೋಲ್ವೋ ಅನ್ನಲು ಇದು ಮುಖ್ಯ ಕಾರಣ. ಆದರೆ ಹಳೆ ಮಾದರಿಗೆ ಈ ಮಾತು ನಂಬಬೇಡಿ. ಆ ಮಾದರಿಯ ಮ್ಯಾನ್ಯುಯಲ್ ಏನು ಹೇಳುತ್ತೋ ಅದನ್ನೇ ಮಾಡಿ.

ಕ್ಯಾಟ್ ಈ ವ್ಯಾಪಾರಕ್ಕೆ ಬಂದಿದ್ದು ಇಂಗ್ಲೆಂಡಿನ ಡಿಜೆಬಿ ಕಂಪನಿಯ ವಿನ್ಯಾಸವನ್ನು 1985ರಲ್ಲಿ ಕೊಂಡು. ಎಂಜಿನ್, ಗೇರ್‌ಬಾಕ್ಸ್ ಇವರದೂ ಸ್ವಂತದ್ದೇ. ಕ್ಯಾಟ್ ಎಂಜಿನ್ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ನಮ್ಮ ಕಡೆ ಸಿಗುತ್ತಾರೆ, ಅದು ಸಣ್ಣ ವಿಷಯ ಅಲ್ಲ. ಹಳೆಯ ಗಾಡಿಗಳಲ್ಲಿ ಡಿಫರೆನ್ಷಿಯಲ್ ಲಾಕ್, ಅಂದರೆ ಒಂದೇ ಚಕ್ರ ಸುಮ್ಮನೆ ಸುತ್ತದೆ ಎಲ್ಲ ಒಟ್ಟಿಗೆ ತಿರುಗುವ ಹಾಗೆ ಮಾಡುವ ಲಾಕ್, ಡ್ರೈವರ್ ಕೈಯಲ್ಲೇ ಇರುತ್ತೆ. ಕೆಸರಿಗೆ ಇಳಿಯುವ ಮೊದಲೇ ಲಾಕ್ ಹಾಕಬೇಕು. ಈಚಿನವುಗಳಲ್ಲಿ ಅದು ತಾನಾಗೇ ಹಿಡಿಯುತ್ತೆ. ಡ್ರೈವರ್ ಪದೇ ಪದೇ ಬದಲಾಗುವ ಸೈಟ್ ಆದರೆ ತಾನಾಗೇ ಹಿಡಿಯುವುದನ್ನೇ ತಗೊಳ್ಳಿ.

ಕೊಮಾಟ್ಸುವಿನ ಎಚ್‌ಎಂ300 ಕೂಡ 28 ಟನ್ನಿನ ಗಾಡಿ. ಇದರ ಬ್ರೇಕ್ ನನಗೆ ತುಂಬ ಇಷ್ಟ. ಎಣ್ಣೆಯಲ್ಲಿ ಮುಳುಗಿರುವ ಡಿಸ್ಕ್‌ಗಳು, ಇಳಿಜಾರಿನಲ್ಲಿ ವೇಗ ತಡೆಹಿಡಿಯುವ ರಿಟಾರ್ಡರ್ ಕೆಲಸವನ್ನೂ ಅವೇ ಮಾಡುತ್ತವೆ. ಹೊಸನಗರದ ಕಡೆ ಲೋಡ್ ಹೊತ್ತು ಇಳಿಯುವುದೇ ಜಾಸ್ತಿ ಇರುತ್ತೆ. ಹೊರಗೆ ತೆರೆದಿರುವ ಡ್ರೈ ಡಿಸ್ಕ್ ಇದ್ದರೆ ನಮ್ಮ ಮರಳು ಬೆರೆತ ಕೆಸರು ಪ್ಯಾಡ್ ನಡುವೆ ಸೇರಿ ಉಪ್ಪುಕಾಗದದ ಹಾಗೆ ತೇಯುತ್ತೆ. ಯಾವ ಕಂಪನಿಯದೇ ಆಗಲಿ, ಹಳೆ ಮಾದರಿ ನೋಡುವಾಗ ಬ್ರೇಕ್ ವೆಟ್ಟೋ ಡ್ರೈಯೋ ಅಂತ ಮೊದಲು ಕೇಳಿ. ಡ್ರೈ ಅಂದರೆ ನಾನಾದರೆ ಬಿಟ್ಟು ಬರುತ್ತೇನೆ.

ಬೆಲ್ ದಕ್ಷಿಣ ಆಫ್ರಿಕಾದ ಕಂಪನಿ. ನನಗೆ ಅವುಗಳ ಮೇಲೆ ಗೌರವ ಇದೆ, ಗಾಡಿ ಹಗುರ, ಕೆಸರಲ್ಲಿ ಚೆನ್ನಾಗಿ ಹೋಗುತ್ತೆ. ಮರ್ಸಿಡಿಸ್ ಎಂಜಿನ್, ಆಲಿಸನ್ ಗೇರ್‌ಬಾಕ್ಸ್ ಇರುವ ಮಾದರಿಗಳೇ ನಾನು ಹೆಚ್ಚು ನೋಡಿದ್ದು. ಜಾಂಬಿಯಾದಲ್ಲಿ ಅದಕ್ಕೆ ಪಾರ್ಟ್ಸ್ ನೆರೆಮನೆಯಿಂದ ಬಂದ ಹಾಗೆ ಬರುತ್ತಿತ್ತು. ಶಿವಮೊಗ್ಗಕ್ಕೆ ಹಾಗೆ ಬರುತ್ತಾ ಅನ್ನೋದು ಬೇರೆ ಪ್ರಶ್ನೆ. ದೂಸಾನ್, ಅಂದರೆ ಈಗ ಡೆವೆಲಾನ್ ಅಂತ ಹೆಸರು ಬದಲಿಸಿಕೊಂಡಿರುವುದು, ಅದರ ಡಂಪರ್ ಮೂಲದಲ್ಲಿ ನಾರ್ವೆಯ ಮಾಕ್ಸಿ ಕಂಪನಿಯದು. ಅದರ ಹಿಂದಿನ ಚಕ್ರಗಳು ಸ್ವತಂತ್ರವಾಗಿ ತೂಗುತ್ತವೆ, ಒರಟು ನೆಲಕ್ಕೆ ಒಳ್ಳೆಯದು. ಅದಕ್ಕೂ ಪಾರ್ಟ್ಸ್ ಬಗ್ಗೆ ಇದೇ ಮಾತು.

ಪಾರ್ಟ್ಸ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಿಪ್ಪರ್ ಕೆಟ್ಟರೆ ಸಂಜೆಯೊಳಗೆ ಶಿವಮೊಗ್ಗದಲ್ಲೇ ಪಾರ್ಟ್ ಸಿಗುತ್ತೆ. ಈ ಗಾಡಿಗೆ ಬೆಂಗಳೂರು ಇಲ್ಲವೇ ಚೆನ್ನೈನಿಂದ ಬರಬೇಕು, ಕೆಲವು ವಿದೇಶದಿಂದಲೇ ಬರಬೇಕು. ಹಾಗಾಗಿ ಡೀಲರ್‌ಗೆ ಫೋನ್ ಮಾಡುವಾಗ ಗಾಡಿ ಹೇಗಿದೆ ಅಂತ ಕೇಳಬೇಡಿ. ಸೊಂಟದ ಬೇರಿಂಗ್ ಸೆಟ್, ಸ್ಟೀರಿಂಗ್ ಸಿಲಿಂಡರ್ ಸೀಲ್ ಕಿಟ್, ಒಂದು ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್, ಈ ಮೂರು ಇವತ್ತು ಸ್ಟಾಕ್ ಇದೆಯಾ, ಇಲ್ಲದಿದ್ದರೆ ಎಷ್ಟು ದಿನ ಅಂತ ಕೇಳಿ. ಉತ್ತರ ಬರೆದಿಟ್ಟುಕೊಳ್ಳಿ. ನಾಲ್ಕು ಕಂಪನಿಯ ಉತ್ತರ ಪಕ್ಕ ಪಕ್ಕ ಇಟ್ಟು ನೋಡಿದರೆ ನಿಮ್ಮ ಅರ್ಧ ತೀರ್ಮಾನ ಅಲ್ಲೇ ಆಗುತ್ತೆ. ಸಾಗಿಸುವ ಖರ್ಚೂ ಸೇರಿಸಿ. 28 ಟನ್ನಿನ ಗಾಡಿಯೇ ಸುಮಾರು 3 ಮೀಟರ್ ಅಗಲ ಇರುತ್ತೆ. ರಸ್ತೆಯಲ್ಲಿ ಓಡಿಸಿಕೊಂಡು ಬರುವ ಹಾಗಿಲ್ಲ, ಲೋ ಬೆಡ್ ಟ್ರೇಲರ್ ಬೇಕು. ಬೆಂಗಳೂರಿನಿಂದ ಬಿ.ಎಚ್. ರಸ್ತೆಯಲ್ಲಿ ಶಿವಮೊಗ್ಗದವರೆಗೆ ಬರಬಹುದು, ಆಮೇಲಿನ ಹಳ್ಳಿ ರಸ್ತೆಯ ತಿರುವು, ಮೋರಿ ಎಲ್ಲ ಒಮ್ಮೆ ಹೋಗಿ ಅಳೆದು ಬನ್ನಿ.

ಇನ್ನು ನೀರು. ಶಿವಮೊಗ್ಗ ಪೇಟೆಯ ಮಳೆ ನೋಡಿ ಅಂದಾಜು ಮಾಡಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ, ನಿಮ್ಮ ಸೈಟ್ ಪಶ್ಚಿಮಕ್ಕೆ ಹೋದಷ್ಟೂ ಅದರ ಹತ್ತಿರ ಹೋಗುತ್ತೆ. ಆಕ್ಸಲ್ ಮೇಲೆ ಬ್ರೀದರ್ ಅನ್ನೋ ಪುಟ್ಟ ಉಸಿರುಗೊಳವೆ ಇರುತ್ತೆ. ಅದು ಕೆಸರಿಂದ ಮುಚ್ಚಿಕೊಂಡಿದ್ದರೆ, ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಹೊರಗೆ ಏನೂ ಗೊತ್ತಾಗಲ್ಲ. ಎಣ್ಣೆ ತೆಗೆದು ನೋಡಿದರೆ ಹಾಲು ಹಾಕಿದ ಕಾಫಿ ಬಣ್ಣ ಬಂದಿರುತ್ತೆ. ಗಾಡಿ ನೋಡಲು ಹೋದಾಗ ಆಕ್ಸಲ್ ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿ ಒಂದು ಲೋಟ ಎಣ್ಣೆ ಹಿಡಿಯಿರಿ. ಮಾಲೀಕ ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

ಡೀಸೆಲ್‌ನಲ್ಲೂ ಅಷ್ಟೇ. 2020ರ ಏಪ್ರಿಲ್‌ನಿಂದ ಎಲ್ಲ ಕಡೆ ಬಿಎಸ್-6 ಡೀಸೆಲ್ ಸಿಗುತ್ತಿದೆ, ಗಂಧಕದ ಚಿಂತೆ ಕಡಿಮೆಯಾಗಿದೆ. ಆದರೆ ಸೈಟಿನಲ್ಲಿ ಬ್ಯಾರಲ್ ನಿಲ್ಲಿಸಿ ಇಟ್ಟರೆ ಮುಚ್ಚಳದ ಮೇಲೆ ನಿಂತ ಮಳೆನೀರು ರಾತ್ರಿ ತಣ್ಣಗಾದಾಗ ಒಳಗೆ ಇಳಿಯುತ್ತೆ. ಬ್ಯಾರಲ್ ಮಾಡಿನ ಕೆಳಗೆ ಮಲಗಿಸಿ ಇಡಿ, ವಾಟರ್ ಸೆಪರೇಟರ್‌ನಲ್ಲಿ ಸೇರಿದ ನೀರು ದಿನಾ ಹೊರಗೆ ಬಿಡಿ. ಇಂಜೆಕ್ಟರ್ ಹೋದ ಗಾಡಿಗಳು ನನ್ನ ಗ್ಯಾರೇಜಿಗೆ ಜಾಸ್ತಿ ಬರುವುದು ಜುಲೈ, ಆಗಸ್ಟಿನಲ್ಲೇ.

ಕೊನೆಗೆ ಸೊಂಟ ನೋಡುವ ಬಗೆ. ಇದಕ್ಕೆ ಯಾವ ಯಂತ್ರವೂ ಬೇಡ. ಸ್ಟೀರಿಂಗ್ ಲಾಕ್ ಬಾರ್, ಅಂದರೆ ಗಾಡಿ ಬಗ್ಗದ ಹಾಗೆ ಎರಡು ಭಾಗವನ್ನೂ ಹಿಡಿದಿಡುವ ಸರಳು, ಹಾಕದೆ ಯಾರನ್ನೂ ಆ ಸಂದಿಗೆ ಬಿಡಬೇಡಿ, ಗಾಡಿ ಬಗ್ಗಿದರೆ ಮನುಷ್ಯ ನಡುವೆ ಸಿಕ್ಕಿ ಉಳಿಯಲ್ಲ. ಎಂಜಿನ್ ಆಫ್ ಮಾಡಿ, ಬಾರ್ ಹಾಕಿ, ಡೀಸೆಲ್ ಬಟ್ಟೆಯಿಂದ ಪಿನ್ನಿನ ಸುತ್ತ ಚೆನ್ನಾಗಿ ಒರೆಸಿ. ನಮ್ಮ ಕೆಂಪು ಮಣ್ಣೂ ತುಕ್ಕೂ ಒಂದೇ ಬಣ್ಣ, ಒರೆಸದಿದ್ದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಆಮೇಲೆ ಬಾರ್ ತೆಗೆದು ಅರ್ಧ ಗಂಟೆ ಲೋಡ್ ಹೊತ್ತು ಓಡಿಸಿ. ಮತ್ತೆ ನಿಲ್ಲಿಸಿ, ಬಾರ್ ಹಾಕಿ ನೋಡಿ. ಪಿನ್ನಿನ ಅಂಚಿನಲ್ಲಿ ಹೊಸದಾಗಿ ಕೆಂಪು ಪುಡಿ ಕಾಣಿಸಿದರೆ ಬೆರಳಲ್ಲಿ ಉಜ್ಜಿ. ಮಣ್ಣಾದರೆ ಹರಳು ಹರಳಾಗಿ ಉದುರುತ್ತೆ. ತುಕ್ಕಾದರೆ ನುಣ್ಣಗೆ ಬೆರಳ ಗೆರೆಯೊಳಗೆ ಕೂರುತ್ತೆ. ಅಂದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ. ಆಮೇಲೆ ಸಮತಟ್ಟಿನಲ್ಲಿ ನಿಲ್ಲಿಸಿ ಬಾರ್ ತೆಗೆಸಿ. ಒಬ್ಬರು ಸ್ಟೀರಿಂಗ್ ಚೂರು ಎಡಕ್ಕೆ ಚೂರು ಬಲಕ್ಕೆ ಆಡಿಸಲಿ, ನೀವು ಹತ್ತು ಅಡಿ ದೂರ ನಿಂತು ನೋಡಿ. ಹಿಂದಿನ ಭಾಗ ಚಲಿಸುವ ಮೊದಲು ಟಕ್ ಅಂತ ಸದ್ದು ಬಂದರೆ ಪಿನ್ನು ಸಡಿಲ.

ಈ ಎರಡು ಪರೀಕ್ಷೆ ದಾಟಿದ ಗಾಡಿ ಯಾವುದೇ ಕಂಪನಿಯದಾಗಲಿ, ಪಾರ್ಟ್ಸ್ ಉತ್ತರವೂ ಸರಿ ಇದ್ದರೆ ತಗೊಳ್ಳಿ. ನೀವು ನೋಡಿರುವ ಗಾಡಿ ಯಾವ ಮಾದರಿ, ಎಷ್ಟು ಗಂಟೆ ಓಡಿದೆ ಅಂತ ಬರೆದು, ಒರೆಸಿದ ಮೇಲಿನದೊಂದು, ಓಡಿಸಿದ ಮೇಲಿನದೊಂದು ಫೋಟೋ ಹಾಕಿ. ನೋಡಿ ನನ್ನ ಅನಿಸಿಕೆ ಹೇಳುತ್ತೇನೆ.