2022ರಲ್ಲಿ ಶ್ರೀಲಂಕಾದ ಗೆರೆ ಯಾಕೆ ಬಿತ್ತು?

ಭಾರತ, ಶ್ರೀಲಂಕಾ ಎರಡರ ಮೀನುಗಾರಿಕೆ ಮೌಲ್ಯವನ್ನು ಡಾಲರಿನಲ್ಲಿ ಹೋಲಿಸಿ ನೀವು ಮಾಡಿದ ಗ್ರಾಫಿನಲ್ಲಿ 2022ಕ್ಕೆ ಶ್ರೀಲಂಕಾದ ಗೆರೆ ದಿಢೀರ್ ಬಿದ್ದಿದ್ದಕ್ಕೆ ಮೀನಿಗಿಂತ ಡಾಲರ್ ದರವೇ ಕಾರಣ ಇರಬೇಕು. ಆ ವರ್ಷ ಕೆಲವೇ ತಿಂಗಳಲ್ಲಿ ಒಂದು ಡಾಲರಿಗೆ ಅಲ್ಲಿನ ಸುಮಾರು 200 ರೂಪಾಯಿ ಇದ್ದದ್ದು 360 ಆಯಿತು. ನೀವು ಆಯಾ ವರ್ಷದ ದರದಲ್ಲೇ ಡಾಲರಿಗೆ ತಿರುಗಿಸಿದ್ದೀರಿ ಅಲ್ವಾ? ನಿಮ್ಮ ಲೆಕ್ಕದ ಶೀಟ್ ನೋಡದೆ ಹೇಳುತ್ತಿದ್ದೇನೆ.

ಮೊದಲು ಎರಡೂ ದೇಶದ ಅಂಕಿಗಳನ್ನು ಅವರವರ ರೂಪಾಯಿಯಲ್ಲೇ ಇಡಿ. ಆಯಾ ದೇಶದ ಜಿಡಿಪಿ ಡಿಫ್ಲೇಟರ್ (ಬೆಲೆ ಏರಿಕೆಯನ್ನು ಕಳೆಯಲು ಬಳಸುವ ಸೂಚ್ಯಂಕ) ಹಾಕಿ 2015ರ ಬೆಲೆಗೆ ತನ್ನಿ. ವಿಶ್ವ ಬ್ಯಾಂಕಿನ ಸೈಟಿನಲ್ಲಿ ಅದು ಪುಕ್ಕಟೆ ಸಿಗುತ್ತದೆ. ಆಮೇಲೆ ಎಲ್ಲ ವರ್ಷಕ್ಕೂ 2015ರ ಡಾಲರ್ ದರ ಒಂದನ್ನೇ ಹಿಡಿಯಿರಿ. ಪಕ್ಕದಲ್ಲಿ ಟನ್ ಲೆಕ್ಕವೂ ಇರಲಿ. ಆ ವರ್ಷ ಸೀಮೆಎಣ್ಣೆ, ಡೀಸೆಲ್ ಸಿಗದೆ ಅಲ್ಲಿನ ಎಷ್ಟೋ ದೋಣಿಗಳು ದಡದಲ್ಲೇ ನಿಂತಿದ್ದವು. ಹಾಗಾಗಿ ಇಳಿಕೆ ಪೂರ್ತಿ ಸುಳ್ಳಲ್ಲ.

ಇನ್ನೊಂದು, ಯಾವ ಬೆಲೆ ಅಂತ ನೋಡಿ. ಕಾರವಾರದ ಬಂದರಿನಲ್ಲಿ ಹರಾಜಾದ ಬಂಗುಡೆ, ಐಸ್ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ನಮ್ಮ ಹುಬ್ಬಳ್ಳಿ ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ಬೆಲೆ ಎಲ್ಲಿಗೋ ಹೋಗಿರುತ್ತದೆ. ಒಂದು ದೇಶಕ್ಕೆ ಬಂದರಿನ ಬೆಲೆ, ಇನ್ನೊಂದಕ್ಕೆ ರಫ್ತಿನ ಬೆಲೆ ಹಾಕಿ ನಾನು ವಾರಗಟ್ಟಲೆ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಎರಡಕ್ಕೂ ಬಂದರಿನ ಬೆಲೆಯೇ ಇರಲಿ. ಭಾರತದಲ್ಲಿ ಸಮುದ್ರಕ್ಕಿಂತ ಒಳನಾಡಿನ ಮೀನೇ ಜಾಸ್ತಿ, ಅದಕ್ಕೆ ಬೇರೆ ಕಾಲಂ ಮಾಡಿ. ನಮ್ಮ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು, ಅವರದ್ದು ಜನವರಿಗೆ. ಕೆಳಗೆ ಅಡಿಟಿಪ್ಪಣಿ ಹಾಕಿದರೆ ಸಾಕು.