ಅರ್ಥಶಾಸ್ತ್ರದ ಪಿಎಚ್‌.ಡಿ.ಗೆ ಎರಡು ಕಡೆ ಸೀಟು ಸಿಕ್ಕಿದೆ, ಯಾವುದನ್ನು ಒಪ್ಪಿಕೊಳ್ಳಲಿ?

ನಿಮ್ಮ ಪ್ರಶ್ನೆಯನ್ನು ನಾನು ಗ್ರಹಿಸಿದ್ದು ಹೀಗೆ. ನೀವು ಕೊಡಗಿನ ಗೋಣಿಕೊಪ್ಪಲಿನ ಕಡೆಯವರು, ಎಂ.ಎ. ಮುಗಿದು ಎರಡು ವರ್ಷವಾಗಿದೆ. ಅಮೆರಿಕದ ದೊಡ್ಡ ಹೆಸರಿನ ಅರ್ಥಶಾಸ್ತ್ರ ವಿಭಾಗವೊಂದು ಸೀಟು ಕೊಟ್ಟಿದೆ, ಆದರೆ ಮೊದಲ ವರ್ಷದ ಖರ್ಚು ನಿಮ್ಮದೇ. ಅಷ್ಟು ಹೆಸರಿಲ್ಲದ ಇನ್ನೊಂದು ವಿಶ್ವವಿದ್ಯಾಲಯದ ಕೃಷಿ ಅರ್ಥಶಾಸ್ತ್ರ ವಿಭಾಗ ಐದು ವರ್ಷ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುವುದಾಗಿ ಬರೆದಿದೆ. ಸಂಶೋಧನೆಗೆ ಸರ್ಕಾರ ಕೊಡುವ ಜೆಆರ್‌ಎಫ್ ಫೆಲೋಶಿಪ್ ಆಗಿರುವುದರಿಂದ ಬೆಂಗಳೂರಿನಲ್ಲೇ ಸೇರುವ ದಾರಿಯೂ ಇದೆ. ಇವೆಲ್ಲವನ್ನೂ ಬಿಟ್ಟು ಮುಂದಿನ ವರ್ಷ ಮತ್ತೆ ಅರ್ಜಿ ಹಾಕಲೇ ಎಂದೂ ಕೇಳಿದ್ದೀರಿ.

ಹಣವಿಲ್ಲದ ಸೀಟನ್ನು ದಯವಿಟ್ಟು ಒಪ್ಪಬೇಡಿ. ಸಿದ್ದಾಪುರದ ಹತ್ತಿರದ ಹತ್ತು ಎಕರೆ ತೋಟದ ಮನೆಯಿಂದ ಹೋಗಿ ಅಮೆರಿಕದ ಕೃಷಿ ಅರ್ಥಶಾಸ್ತ್ರ ವಿಭಾಗವೊಂದರಲ್ಲಿ ಆರು ವರ್ಷ ಓದಿ ಬಂದವನ ಮಾತು ಇದು. ಮೊದಲ ವರ್ಷ ಸ್ವಂತ ಹಣದಿಂದ ಓದಿದರೆ ಆಮೇಲೆ ಅವರೇ ನೋಡಿಕೊಳ್ಳುತ್ತಾರೆ ಎಂಬುದು ಹೆಚ್ಚಿನ ಕಡೆ ಬರಿಯ ಆಶ್ವಾಸನೆ, ಪತ್ರದಲ್ಲಿ ಅದು ಇರುವುದಿಲ್ಲ. ವೀಸಾಕ್ಕೆ ಬೇಕಾದ ಐ-20 ಎಂಬ ಪತ್ರವನ್ನು ವಿಶ್ವವಿದ್ಯಾಲಯ ಕೊಡುವ ಮೊದಲೇ ಮೊದಲ ವರ್ಷದ ಶುಲ್ಕ ಮತ್ತು ಜೀವನವೆಚ್ಚಕ್ಕೆ ಹಣವಿದೆ ಎಂದು ದಾಖಲೆ ತೋರಿಸಬೇಕಾಗುತ್ತದೆ. ಅಷ್ಟು ಹಣ ನಮ್ಮಂಥವರ ಮನೆಯಲ್ಲಿ ಎಲ್ಲಿಂದ ಬರಬೇಕು? ನನಗೂ ಒಂದು ಕಡೆಯಿಂದ ಇಂಥದ್ದೇ ಪತ್ರ ಬಂದಾಗ ಅಪ್ಪ ಜಾಗದ ಮೇಲೆ ಸಾಲ ಎತ್ತಲು ಹೊರಟಿದ್ದರು. ನಮ್ಮದು ಜಮ್ಮಾ ಜಾಗ, ಅಂದರೆ ಇಡೀ ಕುಟುಂಬಕ್ಕೆ ಸೇರಿದ ವಂಶಪಾರಂಪರ್ಯ ಜಮೀನು; ಅದರ ಪಹಣಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಬ್ಯಾಂಕಿನವರು ಹದಿನಾಲ್ಕು ಜನರ ಸಹಿ ಕೇಳಿದರು. ಮೈಸೂರಿನಲ್ಲಿದ್ದ ದೊಡ್ಡಪ್ಪನ ಮಗ ಒಪ್ಪಲಿಲ್ಲ. ಆ ದಿನ ಬಹಳ ನೊಂದಿದ್ದೆ. ಇಂದು ಅವರಿಗೆ ಋಣಿಯಾಗಿದ್ದೇನೆ, ಏಕೆಂದರೆ ಸ್ಟೈಪೆಂಡ್ ಕೊಟ್ಟ ಇನ್ನೊಂದು ಕಡೆ ಸೇರಿದ ಮೇಲೆ, ಮೊದಲ ವರ್ಷದ ಕೊನೆಯ ಅರ್ಹತಾ ಪರೀಕ್ಷೆಯಲ್ಲಿ ನಾನು ಮೊದಲ ಸಲ ಅನುತ್ತೀರ್ಣನಾದೆ. ಸ್ಟೈಪೆಂಡ್ ಇದ್ದುದರಿಂದ ಆಗಸ್ಟ್‌ನಲ್ಲಿ ಮತ್ತೆ ಬರೆದು ಪಾಸಾದೆ. ತಲೆಯ ಮೇಲೆ ಸಾಲ ಹೊತ್ತು ಅದೇ ಪರೀಕ್ಷೆ ಬರೆಯುವುದನ್ನು ನೆನೆಸಿಕೊಂಡರೆ ಈಗಲೂ ಎದೆ ನಡುಗುತ್ತದೆ.

ಹಾಗೆಂದು ಹಣ ಕೊಡುವವರನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಿ ಎನ್ನುತ್ತಿಲ್ಲ. ಆ ಪತ್ರವನ್ನು ಕಾಫಿ ವ್ಯಾಪಾರಿಯ ಪಟ್ಟಿಯನ್ನು ಓದುವಷ್ಟೇ ಎಚ್ಚರದಿಂದ ಓದಿ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ಬೇಸಿಗೆಯಲ್ಲಿ ಬಾಡಿಗೆ ಹೇಗೆ ಕಟ್ಟಬೇಕು? ಆರೋಗ್ಯ ವಿಮೆ ಅದರಲ್ಲೇ ಸೇರಿದೆಯೇ? ವಾರಕ್ಕೆ ಎಷ್ಟು ಗಂಟೆ ಬೋಧನಾ ಸಹಾಯಕ ಕೆಲಸ? ಅರ್ಹತಾ ಪರೀಕ್ಷೆಯಲ್ಲಿ ಒಮ್ಮೆ ಎಡವಿದರೆ ಹಣ ನಿಲ್ಲುತ್ತದೆಯೇ? ಇವನ್ನೆಲ್ಲ ಕೇಳುವುದು ಅಲ್ಲಿ ಅಸಭ್ಯತೆ ಅಲ್ಲ. ಸಂಕೋಚದಿಂದ ಸುಮ್ಮನಿರುವವರು ನಾವೇ. ಇನ್ನೊಂದು ವಿಷಯ: ಬಾಸ್ಟನ್‌ನಲ್ಲೋ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲೋ ಬಾಡಿಗೆಗೇ ಹೋಗಿಬಿಡುವ ಮೊತ್ತದಲ್ಲಿ ಅದೇ ದೇಶದ ನಡುಭಾಗದ ಸಣ್ಣ ಊರಿನಲ್ಲಿ ನೆಮ್ಮದಿಯಾಗಿ ಬದುಕಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಚಾರ. ರ‍್ಯಾಂಕ್ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳಿ: ಮೂರನೆಯ ವರ್ಷದಲ್ಲಿ ನೀವು ಬರೆದ ಅರೆಬೆಂದ ಕರಡನ್ನು ಆ ವಿಭಾಗದಲ್ಲಿ ಕುಳಿತು ಓದುವವರು ಯಾರು? ಒಬ್ಬರ ಹೆಸರು ಸಾಲದು, ಮೂವರಾದರೂ ಬೇಕು. ನಾನು ಒಬ್ಬರನ್ನೇ ನಂಬಿ ಹೋದವನು. ಎರಡನೆಯ ವರ್ಷ ಮುಗಿಯುವ ಮೊದಲೇ ಅವರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಇದು ಸಾಮಾನ್ಯ. ಮೂರು ತಿಂಗಳು ದಿಕ್ಕು ತೋಚಲಿಲ್ಲ. ಆಮೇಲೆ ಮತ್ತೊಬ್ಬ ಪ್ರಾಧ್ಯಾಪಕಿ ನನ್ನ ಇಪ್ಪತ್ತು ಪುಟಗಳನ್ನು ಕೇಳಿ ಪಡೆದು ಒಂದು ವಾರದಲ್ಲಿ ಹಿಂದಿರುಗಿಸಿದರು. ಸಮೀಕರಣಗಳ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಅಕ್ಷರಗಳಲ್ಲಿ ಬರೆದಿದ್ದರು: ‘ಈ ಹೊತ್ತಿನಲ್ಲಿ ಬೆಳೆಗಾರನ ಕೈಯಲ್ಲಿ ಎಷ್ಟು ಹಣವಿದೆ?’ ನನ್ನ ಪ್ರಬಂಧ ಹುಟ್ಟಿದ್ದು ಆ ಸಾಲಿನಿಂದ. ಅವರ ಹೆಸರಿಗೆ ಭಾರಿ ಖ್ಯಾತಿಯಿರಲಿಲ್ಲ. ಅವರಷ್ಟು ಗಮನವಿಟ್ಟು ನನ್ನನ್ನು ಓದಿದವರು ಮತ್ತೊಬ್ಬರಿಲ್ಲ.

ಇದನ್ನು ಮೊದಲೇ ತಿಳಿಯುವುದು ಹೇಗೆ? ಮೂರನೆಯ ಮತ್ತು ನಾಲ್ಕನೆಯ ವರ್ಷದ ವಿದ್ಯಾರ್ಥಿಗಳಿಗೆ ಬರೆಯಿರಿ. ಮೊದಲ ವರ್ಷದವರಿಗೆ ಪರೀಕ್ಷೆ ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ. ‘ನಿಮ್ಮ ಗೈಡ್ ಕೊನೆಯ ಸಲ ನಿಮ್ಮ ಬರಹ ಓದಿದ್ದು ಯಾವಾಗ?’ ಎಂದು ಕೇಳಿ. ಉತ್ತರಕ್ಕಿಂತ ಉತ್ತರಿಸುವ ಮೊದಲಿನ ಮೌನವೇ ಹೆಚ್ಚು ಹೇಳುತ್ತದೆ, ಅದಕ್ಕಾಗಿ ಫೋನಿನಲ್ಲಿ ಕೇಳುವುದು ಒಳ್ಳೆಯದು. ಉದ್ಯೋಗ ಸಿಕ್ಕವರ ಪಟ್ಟಿಯನ್ನು ಸಾಮಾನ್ಯವಾಗಿ ವಿಭಾಗದ ಜಾಲತಾಣದಲ್ಲಿ ಹಾಕಿರುತ್ತಾರೆ. ಅಲ್ಲಿ ಎಲ್ಲರ ಕಣ್ಣೂ ಮೊದಲ ಹೆಸರಿನ ಮೇಲೆ ಬೀಳುತ್ತದೆ. ನೀವು ಹೆಸರುಗಳನ್ನು ಎಣಿಸಿ. ವರ್ಷಕ್ಕೆ ಹದಿನೈದು ಮಂದಿ ಸೇರುವ ಕಡೆ ಪಟ್ಟಿಯಲ್ಲಿ ಆರೇ ಹೆಸರಿದ್ದರೆ ಉಳಿದ ಒಂಬತ್ತು ಮಂದಿ ಏನಾದರು ಎಂದು ವಿಭಾಗವನ್ನೇ ಕೇಳಬೇಕು.

ಕೃಷಿ ಅರ್ಥಶಾಸ್ತ್ರ ಎಂದ ಕೂಡಲೇ ಎರಡನೆಯ ದರ್ಜೆ ಎಂದು ನಿಮಗೆ ಯಾರೋ ಹೇಳಿದ್ದಾರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಡೇವಿಸ್, ಬರ್ಕ್ಲಿ, ಕಾರ್ನೆಲ್, ಮಿನೆಸೋಟಾಗಳ ಇಂಥ ವಿಭಾಗಗಳಿಂದ ಬಂದವರು ವಿಶ್ವವಿದ್ಯಾಲಯಗಳಲ್ಲೂ ವಿಶ್ವಬ್ಯಾಂಕಿನಂಥ ಸಂಸ್ಥೆಗಳಲ್ಲೂ ದುಡಿಯುತ್ತಿದ್ದಾರೆ. ಗಣಿತದಲ್ಲೂ ಅಲ್ಲಿ ಹೆಚ್ಚಿನ ರಿಯಾಯಿತಿ ಸಿಗುವುದಿಲ್ಲ. ನಿಮ್ಮ ಆಸಕ್ತಿ ಸಣ್ಣ ಕಾಫಿ ಬೆಳೆಗಾರರ ಸಾಲದ ಮೇಲೆ ಎಂದು ಬರೆದಿದ್ದೀರಿ. ಹಾಗಿದ್ದರೆ ನಿಮ್ಮ ಮಾತನ್ನು ಬೇಗ ಅರ್ಥಮಾಡಿಕೊಳ್ಳುವವರು ಅಲ್ಲೇ ಇರುತ್ತಾರೆ.

ಮತ್ತೆ ಅರ್ಜಿ ಹಾಕುವ ಬಗ್ಗೆ. ನಾನು ಎರಡು ಸಲ ಹಾಕಿದವನು. ಮೊದಲ ವರ್ಷ ಒಂಬತ್ತು ಕಡೆ ಹಾಕಿದೆ, ಒಂಬತ್ತೂ ಕಡೆ ಇಲ್ಲ ಎಂದರು. ಗಡುವು ಬರುವುದು ಡಿಸೆಂಬರ್‌ನಲ್ಲಿ, ನಮ್ಮಲ್ಲಿ ಅರೇಬಿಕಾ ಕುಯ್ಲಿನ ಹೊತ್ತಿಗೇ. ಹಗಲೆಲ್ಲ ಕಣದಲ್ಲಿ ಕಾಫಿ ಹರಡಿಸಿ, ರಾತ್ರಿ ಎಸ್‌ಒಪಿ, ಅಂದರೆ ಅರ್ಜಿಯ ಜೊತೆ ಕೊಡುವ ಉದ್ದೇಶದ ಬರಹ, ತಿದ್ದುತ್ತಿದ್ದೆ. ಶಿಫಾರಸು ಪತ್ರ ಬರೆಯಬೇಕಿದ್ದ ಒಬ್ಬ ಮೇಷ್ಟ್ರು ಎರಡು ಕಡೆ ಗಡುವು ದಾಟಿಸಿದರು, ಆದರೆ ನೆನಪಿಸಲು ಹಿಂಜರಿದ ತಪ್ಪು ನನ್ನದೂ ಹೌದು. ನಿಜವಾದ ಕೊರತೆ ಬೇರೆಯೇ ಇತ್ತು. ಬಿ.ಎ. ಓದಿದ ನನ್ನ ಅಂಕಪಟ್ಟಿಯಲ್ಲಿ ರಿಯಲ್ ಅನಾಲಿಸಿಸ್ ಎಂಬ ಉನ್ನತ ಗಣಿತದ ವಿಷಯದ ಹೆಸರೇ ಇರಲಿಲ್ಲ. ಆಯ್ಕೆ ಸಮಿತಿ ಹುಡುಕುವುದು ಅದನ್ನು, ಲೀನಿಯರ್ ಆಲ್ಜಿಬ್ರವನ್ನು, ಸಂಭವನೀಯತೆಯನ್ನು, ಜಿಆರ್‌ಇ ಪ್ರವೇಶ ಪರೀಕ್ಷೆಯ ಗಣಿತದಲ್ಲಿ ಗರಿಷ್ಠ ಅಂಕವಾದ 170ಕ್ಕೆ ಹತ್ತಿರದ ಅಂಕವನ್ನು. ಎರಡನೆಯ ಸಲದ ಹೊತ್ತಿಗೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ರಿಯಲ್ ಅನಾಲಿಸಿಸ್ ಕೋರ್ಸ್ ಮಾಡಿ ಪರೀಕ್ಷೆ ಬರೆದಿದ್ದೆ, ಎರಡು ವರ್ಷ ಸಂಶೋಧನಾ ಸಹಾಯಕನಾಗಿ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದ್ದೆ, ಆ ಕೆಲಸವನ್ನು ಹತ್ತಿರದಿಂದ ನೋಡಿದವರೇ ಶಿಫಾರಸು ಬರೆದರು.

ಎಸ್‌ಒಪಿ ಕೂಡ ಬದಲಾಯಿತು. ಮೊದಲನೆಯದು ‘ಬಾಲ್ಯದಿಂದಲೂ ನನಗೆ’ ಎಂದು ಶುರುವಾಗಿತ್ತು. ಎರಡನೆಯದನ್ನು ಅಜ್ಜನ ಲೆಕ್ಕದ ಪುಸ್ತಕದಿಂದ ಆರಂಭಿಸಿದೆ. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಕಾಫಿ ಬೋರ್ಡೇ ಮಾರುವ ಪೂಲ್ ಇದ್ದ ಕಾಲದಲ್ಲಿ ಬೆಳೆ ಬೋರ್ಡಿಗೆ, ಹಣ ಕಂತುಕಂತಾಗಿ ಮನೆಗೆ. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಅದೇ ಪುಸ್ತಕದಲ್ಲಿ ಪ್ರತಿ ಫೆಬ್ರವರಿಯಲ್ಲೂ ನಾಲ್ಕೈದು ಚೀಲ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರಿದ ದಾಖಲೆ, ಪಕ್ಕದಲ್ಲೇ ಆಳುಗಳ ಬಟವಾಡೆ. ಮಳೆಗಾಲದವರೆಗೆ ಕಾದರೆ ಬೆಲೆ ಏರಬಹುದು ಎಂದು ಗೊತ್ತಿದ್ದೂ ಅಜ್ಜ ಏಕೆ ಮಾರುತ್ತಿದ್ದರು? ಕೆನ್ಯಾದ ಮೆಕ್ಕೆಜೋಳ ಬೆಳೆಗಾರರ ಬಗ್ಗೆ ಬರ್ಕ್, ಬರ್ಗ್‌ಕ್ವಿಸ್ಟ್, ಮಿಗೆಲ್ ಎಂಬ ಮೂವರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಕೇಳಿದ್ದೂ ಇದನ್ನೇ: ಕುಯ್ಲಿನ ಹೊತ್ತಿಗೆ ಸಾಲ ಸಿಕ್ಕರೆ ರೈತ ಧಾನ್ಯವನ್ನು ಕಾದಿಟ್ಟು ಮಾರುತ್ತಾನೆಯೇ? ಸಿಕ್ಕವರು ಕಾದಿಟ್ಟರು, ಆದಾಯವೂ ಹೆಚ್ಚಿತು. ನಮ್ಮ ಕಣದ ಪ್ರಶ್ನೆ ಜಗತ್ತಿನ ಪ್ರಶ್ನೆಯೂ ಹೌದೆಂದು ಅಂದು ನನಗೆ ಧೈರ್ಯ ಬಂತು.

ನಿಮ್ಮ ಕೈಯಲ್ಲಿ ಆಗಲೇ ಒಂದು ಒಳ್ಳೆಯ ಪತ್ರ ಇರುವಾಗ ಇನ್ನೊಂದು ವರ್ಷ ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗಣಿತ ಅಥವಾ ಸಂಶೋಧನಾ ಅನುಭವದಲ್ಲಿ ಏನಾದರೂ ಹೊಸದಾಗಿ ಸೇರುವುದಿದ್ದರೆ ಮಾತ್ರ ಮರು ಅರ್ಜಿಯ ಫಲಿತಾಂಶ ಬದಲಾಗುತ್ತದೆ.

ಬೆಂಗಳೂರಿನ ದಾರಿಯನ್ನು ಮಾತ್ರ ಹಗುರವಾಗಿ ತಳ್ಳಿಹಾಕಬೇಡಿ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಐಸೆಕ್ ಇರಲಿ, ಮುಂಬೈಯಲ್ಲಿ ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಸಂಶೋಧನಾ ಸಂಸ್ಥೆ ಐಜಿಐಡಿಆರ್ ಇರಲಿ, ಇಲ್ಲಿಯ ಕೃಷಿಯನ್ನು ಹತ್ತಿರದಿಂದ ಬಲ್ಲವರು ಇಂಥ ಕಡೆ ಇದ್ದಾರೆ. ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆಯ ಪರಿಸ್ಥಿತಿ ನಿಮ್ಮನ್ನು ಇಲ್ಲೇ ಇರಿಸುವಂತಿದ್ದರೆ ಅದು ಗೌರವದ ಆಯ್ಕೆ. ಆದರೆ ಮುಂದೆ ವಿದೇಶದಲ್ಲಿ ಅಧ್ಯಾಪಕರಾಗುವ ಆಸೆ ಇದ್ದರೆ ಇಲ್ಲಿಂದ ಆ ಬಾಗಿಲು ತೆರೆಯುವುದು ಕಷ್ಟ.

ಗಡುವಿನ ಬಗ್ಗೆ ಹೆದರಬೇಡಿ. ಹಣಸಹಾಯದ ಆಹ್ವಾನಕ್ಕೆ ಏಪ್ರಿಲ್ 15ರ ಮೊದಲು ಉತ್ತರಿಸುವಂತೆ ಒತ್ತಾಯಿಸಬಾರದು ಎಂಬ ಒಪ್ಪಂದಕ್ಕೆ ಅಮೆರಿಕದ ಬಹುಪಾಲು ದೊಡ್ಡ ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ನಿಮ್ಮದು ಆ ಪಟ್ಟಿಯಲ್ಲಿದೆಯೇ ನೋಡಿ. ಅಲ್ಲಿಯವರೆಗೆ ದೊಡ್ಡ ಹೆಸರಿನ ವಿಭಾಗಕ್ಕೂ ಒಂದು ಪತ್ರ ಬರೆಯಿರಿ: ಬೇರೆ ಕಡೆ ಪೂರ್ತಿ ಹಣ ಸಿಕ್ಕಿದೆ, ನೀವೂ ಕೊಡುವ ಸಾಧ್ಯತೆ ಇದೆಯೇ ಎಂದು ವಿನಯದಿಂದ ಕೇಳಿ. ಬೇರೆಯವರು ಸೀಟು ಬಿಟ್ಟಾಗ ಕೊನೆಯ ವಾರದಲ್ಲೂ ಹಣ ಹುಟ್ಟುವುದುಂಟು. ಹಾಗಾದರೂ ಮೂರು ಹೆಸರುಗಳ ಪರೀಕ್ಷೆಯನ್ನು ಅವರಿಗೂ ಹಚ್ಚಿ.

ತಂದೆಗೆ ಹೇಗೆ ಹೇಳಲಿ ಎಂದು ಕೊನೆಯಲ್ಲಿ ಕೇಳಿದ್ದೀರಿ. ಆಹ್ವಾನ ಪತ್ರವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡಿ: ಎಷ್ಟು ವರ್ಷ, ತಿಂಗಳಿಗೆ ಎಷ್ಟು, ಮನೆಯಿಂದ ಏನು ಬೇಕು, ಯಾವಾಗ ಬರುತ್ತೀರಿ. ಐದು ಎಂದು ಪತ್ರದಲ್ಲಿದ್ದರೂ ಆರು ಎಂದು ಬರೆಯಿರಿ, ಅದೇ ನಿಜಕ್ಕೆ ಹತ್ತಿರ. ನನ್ನ ಅಪ್ಪ ಆ ಹಾಳೆಯನ್ನು ಎರಡು ಸಲ ಓದಿ, ಮಡಚಿ ಪಹಣಿಯ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಕೇಳಿದ್ದು ಒಂದೇ ಮಾತು, ಕುಯ್ಲಿಗೆ ಬರುತ್ತೀಯಾ ಎಂದು. ಅಲ್ಲಿನ ಚಳಿಗಾಲದ ರಜೆ ಡಿಸೆಂಬರ್ ನಡುವಿನಿಂದ ಜನವರಿಯವರೆಗೆ ಇರುತ್ತದೆ. ಆರು ವರ್ಷಗಳಲ್ಲಿ ನಾಲ್ಕು ಸಲ ಬಂದೆ.